ಚಂದ್ರನ ಕಲ್ಲೂ ಭೂಮಿಯ ಕಲ್ಲೂ ಒಂದೇ ಅಚ್ಚಿನವೆ?

ಪ್ರಶ್ನೆ: ಮಂಡ್ಯದಲ್ಲಿ ಬಿ.ಎಸ್ಸಿ. ಕೊನೆಯ ವರ್ಷ ಓದುತ್ತಿದ್ದೇನೆ, ರಸಾಯನಶಾಸ್ತ್ರ ಮತ್ತು ಭೂವಿಜ್ಞಾನ. ಮಂಗಳ ಗ್ರಹದಷ್ಟು ದೊಡ್ಡ ಕಾಯವೊಂದು ಭೂಮಿಗೆ ಬಡಿದು, ಆ ಚೂರುಗಳಿಂದ ಚಂದ್ರ ಆಯಿತು ಎಂದು ಓದುತ್ತೇವೆ. ಚಂದ್ರನ ಕಲ್ಲಿನ ಐಸೋಟೋಪುಗಳು ಭೂಮಿಯ ಕಲ್ಲಿನವುಗಳ ಜೊತೆ ಹೊಂದುತ್ತವೆ, ಅದೇ ಇದಕ್ಕೆ ಸಾಕ್ಷಿ ಎಂದೂ ಓದುತ್ತೇವೆ. ಬಂದು ಬಡಿದದ್ದು ಬೇರೆ ಗ್ರಹ ಅಂದಮೇಲೆ ಹೊಂದಬಾರದಲ್ಲವೇ? ಚಂದ್ರಯಾನ-3 ಇದನ್ನು ಅಳೆಯಲಿಲ್ಲವೇ? ನಮ್ಮ ಚಾಮುಂಡಿ ಬೆಟ್ಟದ ಕಲ್ಲಿನಿಂದ ಇಂಥದ್ದೇನಾದರೂ ತಿಳಿಯುತ್ತದೆಯೇ? ಲ್ಯಾಬಿನಲ್ಲಿ ಇದನ್ನೆಲ್ಲ ಹೇಗೆ ಮಾಡುತ್ತಾರೆ?

ಉತ್ತರ: ನಿಮ್ಮ ಅನುಮಾನ ಸರಿಯಾದ ಜಾಗದಲ್ಲೇ ಇದೆ. ಐಸೋಟೋಪುಗಳ, ಅಂದರೆ ಒಂದೇ ಧಾತುವಿನ ಬೇರೆಬೇರೆ ತೂಕದ ಪರಮಾಣುಗಳ, ಹೊಂದಾಣಿಕೆ ಡಿಕ್ಕಿಯ ಸಿದ್ಧಾಂತಕ್ಕೆ ಆಧಾರ ಅನ್ನುವುದಕ್ಕಿಂತ ತಲೆನೋವು ಅನ್ನುವುದೇ ಹೆಚ್ಚು ಸರಿ. ಪಠ್ಯಪುಸ್ತಕಗಳು ಈ ಸಂಗತಿಯನ್ನು ಒಂದೇ ಸಾಲಿನಲ್ಲಿ ದಾಟಿಸಿಬಿಡುತ್ತವೆ.

1975ರಲ್ಲಿ ಹಾರ್ಟ್‌ಮನ್ ಮತ್ತು ಡೇವಿಸ್, 1976ರಲ್ಲಿ ಕ್ಯಾಮರಾನ್ ಮತ್ತು ವಾರ್ಡ್ ಈ ವಾದವನ್ನು ಮುಂದಿಟ್ಟರು. ಚಂದ್ರನಲ್ಲಿ ಕಬ್ಬಿಣದ ತಿರುಳು ತೀರಾ ಚಿಕ್ಕದು, ಬೇಗ ಆವಿಯಾಗುವ ಧಾತುಗಳು ಕಡಿಮೆ, ಭೂಮಿ–ಚಂದ್ರ ಜೋಡಿಯ ಕೋನೀಯ ಸಂವೇಗ ಜಾಸ್ತಿ. ಈ ಮೂರನ್ನೂ ಡಿಕ್ಕಿ ಚೆನ್ನಾಗಿ ವಿವರಿಸುತ್ತದೆ. ಆದರೆ ಡಿಕ್ಕಿಯನ್ನು ಕಂಪ್ಯೂಟರಿನಲ್ಲಿ ನಡೆಸಿ ನೋಡಿದಾಗ, ಹಳೆಯ ಮಾದರಿಗಳಲ್ಲಿ ಚಂದ್ರನ ಮುಕ್ಕಾಲು ಪಾಲಿನಷ್ಟು ವಸ್ತು ಬಡಿದ ಕಾಯದ್ದೇ ಆಗಿಬಿಡುತ್ತದೆ. ಆ ಕಾಯಕ್ಕೆ ಥೀಯಾ ಎಂದು ಹೆಸರು. ಥೀಯಾ ಸೌರಮಂಡಲದ ಬೇರೆ ಜಾಗದಲ್ಲಿ ಬೆಳೆದಿದ್ದರೆ ಅದರ ಗುರುತು ಚಂದ್ರನಲ್ಲಿ ಉಳಿದಿರಬೇಕು. ಆ ಗುರುತನ್ನೇ ಎಲ್ಲರೂ ಹುಡುಕುತ್ತಿರುವುದು.

ಒಂದು ಐಸೋಟೋಪ್ ಅನುಪಾತ ಏಕೆ ಬದಲಾಯಿತು ಎಂದು ಗೊತ್ತಿಲ್ಲದೆ ಅದರಿಂದ ಏನನ್ನೂ ಹೇಳಲು ಬರುವುದಿಲ್ಲ. ಗ್ರಹ ಹುಟ್ಟಿದ ಧೂಳಿನಲ್ಲೇ ಆ ವ್ಯತ್ಯಾಸ ಇದ್ದಿರಬಹುದು. ವಿಕಿರಣ ಕ್ಷಯದಿಂದ ಆಮೇಲೆ ಬೆಳೆದಿರಬಹುದು. ಕುದಿದು ಆವಿಯಾಗುವಾಗ ಹಗುರವಾದದ್ದು ಮುಂದೆ ಹೋಗಿ ಭಾರವಾದದ್ದು ಉಳಿದಿರಬಹುದು. ವಿಶ್ವಕಿರಣಗಳು ಕಲ್ಲಿನೊಳಗೇ ಹೊಸ ಪರಮಾಣುಗಳನ್ನು ಮಾಡಿರಬಹುದು. ಇವು ಯಾವುವೂ ಅಲ್ಲದೆ, ಕಲ್ಲನ್ನು ಪುಡಿ ಮಾಡಿದವರೇ ಏನನ್ನೋ ಸೇರಿಸಿರಬಹುದು. ಈ ಕ್ಷೇತ್ರದ ದೊಡ್ಡ ಜಗಳಗಳಲ್ಲಿ ಹಲವು ಒಂದು ಕಾರಣವನ್ನು ಇನ್ನೊಂದೆಂದು ತಿಳಿದದ್ದರಿಂದ ಹುಟ್ಟಿವೆ.

ಮೊದಲು ಆಮ್ಲಜನಕ. ಅದರ ಸ್ಥಿರ ಐಸೋಟೋಪುಗಳು ಮೂರು: 16 ಶೇ. 99.76, 17 ಶೇ. 0.04, 18 ಶೇ. 0.20. ಬೇಸಿಗೆಯಲ್ಲಿ ಕನ್ನಂಬಾಡಿ ಕಟ್ಟೆಯ ನೀರು ಆವಿಯಾಗುವಾಗ ಹಗುರವಾದ 16 ಇರುವ ನೀರು ಸ್ವಲ್ಪ ಬೇಗ ಹೋಗುತ್ತದೆ, ಉಳಿದ ನೀರಿನಲ್ಲಿ 18 ಏರುತ್ತದೆ. 17 ಕೂಡ ಏರುತ್ತದೆ, ಆದರೆ ಹೆಚ್ಚುಕಡಿಮೆ ಅದರ ಅರ್ಧದಷ್ಟು, ಏಕೆಂದರೆ ತೂಕದ ಅಂತರ ಅರ್ಧ. 18ರ ಏರಿಕೆಯ ಎದುರು 17ರ ಏರಿಕೆಯನ್ನು ಗ್ರಾಫಿನಲ್ಲಿ ಗುರುತಿಸಿದರೆ, ಭೂಮಿಯ ಕಲ್ಲು, ನೀರು, ಹುಲ್ಲು ಬಹುಪಾಲು ಸುಮಾರು 0.52 ಇಳಿಜಾರಿನ ಒಂದೇ ಗೆರೆಯ ಮೇಲೆ ಕೂರುತ್ತವೆ. ಕುದಿಸಲಿ, ಕರಗಿಸಲಿ, ಗೆರೆಯ ಮೇಲೆ ಅತ್ತಿತ್ತ ಜಾರುತ್ತವೆಯೇ ಹೊರತು ಗೆರೆ ಬಿಟ್ಟು ಹೋಗುವುದಿಲ್ಲ. ಗೆರೆಯಿಂದ ಎಷ್ಟು ಮೇಲೆ ಅಥವಾ ಕೆಳಗೆ ಇದೆ ಎನ್ನುವುದನ್ನು ಆಮ್ಲಜನಕ-17ರ ಹೆಚ್ಚುವರಿ ಎನ್ನೋಣ. ಅದು ಹುಟ್ಟಿನಿಂದ ಬಂದ ಗುಣ. ಮಂಗಳದ ಉಲ್ಕೆಗಳಿಗೆ ಅದು ಸುಮಾರು 300 ಪಿಪಿಎಂ (ಹತ್ತು ಲಕ್ಷಕ್ಕೆ 300 ಪಾಲು) ಮೇಲಕ್ಕೆ; 1865ರ ಆಗಸ್ಟ್ 25ರಂದು ಬಿಹಾರದ ಶೇರ್‌ಘಾಟಿಯಲ್ಲಿ ಬಿದ್ದ ಕಲ್ಲೂ ಈ ಗುಂಪಿನದೇ, ಶೆರ್ಗೊಟೈಟ್ ಎಂಬ ವರ್ಗಕ್ಕೇ ಆ ಊರಿನ ಹೆಸರಿದೆ. ವೆಸ್ಟಾ ಕ್ಷುದ್ರಗ್ರಹದ ಉಲ್ಕೆಗಳಿಗೆ ಸುಮಾರು 240 ಪಿಪಿಎಂ ಕೆಳಕ್ಕೆ. ಚಂದ್ರನ ಕಲ್ಲುಗಳಿಗೆ ಸೊನ್ನೆ, ಅಥವಾ ಸೊನ್ನೆಗೆ ತೀರಾ ಹತ್ತಿರ.

ಎಷ್ಟು ಹತ್ತಿರ ಎನ್ನುವುದರಲ್ಲೇ ಜಗಳ. 2014ರಲ್ಲಿ ಜರ್ಮನಿಯ ಒಂದು ತಂಡ ಅಪೋಲೊ ಕಲ್ಲುಗಳಲ್ಲಿ 12 ಪಿಪಿಎಂ ವ್ಯತ್ಯಾಸ ಕಂಡಿತು, ಥೀಯಾದ ಗುರುತು ಸಿಕ್ಕಿತು ಎಂದು ಸುದ್ದಿಯೂ ಆಯಿತು. 2016ರಲ್ಲಿ ಅಮೆರಿಕದ ತಂಡವೊಂದು ಅಳೆದು, 5 ಪಿಪಿಎಂ ಮಟ್ಟದಲ್ಲಿ ಏನೂ ವ್ಯತ್ಯಾಸವಿಲ್ಲ ಎಂದಿತು. ಇಬ್ಬರ ಕೆಲಸವೂ ಅಚ್ಚುಕಟ್ಟೇ. ಓದುವವರು ಎಡವುವ ಜಾಗ ಬೇರೆ. ಗೆರೆಯ ಇಳಿಜಾರನ್ನು ಒಬ್ಬರು 0.52 ಎಂದು ಹಿಡಿದಿರುತ್ತಾರೆ, ಇನ್ನೊಬ್ಬರು 0.528. ಆಮ್ಲಜನಕ-18ರ ಡೆಲ್ಟಾ ಮೌಲ್ಯ, ಅಂದರೆ ಪ್ರಮಾಣಿತ ಮಾದರಿಗಿಂತ ಎಷ್ಟು ಹೆಚ್ಚು ಎನ್ನುವುದು, ಸಾವಿರಕ್ಕೆ 5.5 ಇರುವ ಒಂದು ಬಸಾಲ್ಟ್ (ಲಾವಾ ತಣಿದು ಆದ ಕಪ್ಪು ಕಲ್ಲು) ತೆಗೆದುಕೊಳ್ಳಿ. 5.5ನ್ನು 0.52ರಿಂದ ಗುಣಿಸಿದರೆ 2.860, 0.528ರಿಂದ ಗುಣಿಸಿದರೆ 2.904. ಅಂತರ ಸಾವಿರಕ್ಕೆ 0.044, ಅಂದರೆ 44 ಪಿಪಿಎಂ. ಹುಡುಕುತ್ತಿರುವುದು 12! ಆದ್ದರಿಂದ ಎರಡು ಪ್ರಬಂಧಗಳ ಕೋಷ್ಟಕದಿಂದ ಅಂಕೆಗಳನ್ನು ಎತ್ತಿ ಪಕ್ಕಪಕ್ಕ ಇಡುವ ಮುನ್ನ ಇಳಿಜಾರು ಯಾವುದು, ಲಾಗರಿದಮ್ ರೂಪ ಬಳಸಿದ್ದಾರೆಯೇ, ಭೂಮಿಯ ಪರವಾಗಿ ಇಟ್ಟ ಮಾದರಿ ಯಾವುದು ಎಂದು ನೋಡಿ. ಬಹುತೇಕ ಅಮೆರಿಕದ ಸ್ಯಾನ್ ಕಾರ್ಲೋಸ್ ಎಂಬಲ್ಲಿನ ಆಲಿವೀನ್ ಖನಿಜ ಇರುತ್ತದೆ, ಯಾವಾಗಲೂ ಅಲ್ಲ.

ಅಳತೆ ನಡೆಯುವುದು ಹೀಗೆ. ಸೂಕ್ಷ್ಮದರ್ಶಕದ ಕೆಳಗೆ ಒಂದೆರಡು ಮಿಲಿಗ್ರಾಂ ಸ್ವಚ್ಛ ಹರಳುಗಳನ್ನು ಒಂದೊಂದಾಗಿ ಆರಿಸುತ್ತಾರೆ. ಲೋಹದ ಅರೆಯಲ್ಲಿಟ್ಟು ನಿರ್ವಾತದಲ್ಲಿ ರಾತ್ರಿಯಿಡೀ ಬಿಸಿಯಿಟ್ಟು ತೇವ ತೆಗೆಯುತ್ತಾರೆ. ಬ್ರೋಮಿನ್ ಪೆಂಟಾಫ್ಲೋರೈಡ್ ಅನಿಲ ಬಿಟ್ಟು, ಇಂಗಾಲದ ಡೈಆಕ್ಸೈಡ್ ಲೇಸರಿನಿಂದ ಹರಳನ್ನು ಕಾಯಿಸಿದರೆ ಸಿಲಿಕೇಟಿನಲ್ಲಿ ಆಮ್ಲಜನಕದ ಜಾಗವನ್ನು ಫ್ಲೋರಿನ್ ಹಿಡಿದು ಆಮ್ಲಜನಕ ಹೊರಬರುತ್ತದೆ. ಉಳಿದ ಅನಿಲಗಳನ್ನು ದ್ರವ ಸಾರಜನಕದ ಬಲೆಗಳಲ್ಲಿ ಮೈನಸ್ 196 ಡಿಗ್ರಿಯಲ್ಲಿ ಹಿಡಿದು, ಶುದ್ಧ ಆಮ್ಲಜನಕವನ್ನು ಮಾಸ್ ಸ್ಪೆಕ್ಟ್ರೋಮೀಟರಿಗೆ ಬಿಟ್ಟು 32, 33, 34 ತೂಕಗಳನ್ನು ಎಣಿಸುತ್ತಾರೆ. ಕೆಡುವುದು 33ರಲ್ಲಿ. ವ್ಯವಸ್ಥೆಯಲ್ಲಿ ಚೂರು ಸಾರಜನಕ ಉಳಿದಿದ್ದರೂ ಅದು ಫ್ಲೋರಿನ್ ಜೊತೆ ಸೇರುತ್ತದೆ. ಆ ಅನಿಲ ಯಂತ್ರದೊಳಗೆ ಒಡೆದಾಗ ಬರುವ ಸಾರಜನಕ–ಫ್ಲೋರಿನ್ ತುಣುಕಿನ ತೂಕ 14 ಕೂಡಿಸು 19, ಅಂದರೆ 33. ಆಮ್ಲಜನಕ 16–17 ಜೋಡಿಯ ತೂಕವೂ 33. ಯಂತ್ರಕ್ಕೆ ಎರಡೂ ಒಂದೇ. ಇಲ್ಲದ ಆಮ್ಲಜನಕ-17 ಇದ್ದಂತೆ ಕಾಣುತ್ತದೆ, ಅದೂ ಸರಿಯಾಗಿ ನಾವು ಹುಡುಕುತ್ತಿರುವ ಪ್ರಮಾಣದಲ್ಲೇ. ಅದಕ್ಕೇ ಹತ್ತು ಪಿಪಿಎಂ ಲೆಕ್ಕದ ಕೆಲಸ ಮಾಡುವವರು ಅನಿಲವನ್ನು ಗ್ಯಾಸ್ ಕ್ರೊಮ್ಯಾಟೋಗ್ರಾಫಿನಲ್ಲಿ ಹಾಯಿಸಿಯೇ ಮುಂದಕ್ಕೆ ಬಿಡುವುದು.

ಆಮ್ಲಜನಕ ಒಂದೇ ಆಗಿದ್ದರೆ ಡಿಕ್ಕಿಯ ಆವಿಯಲ್ಲಿ ಕಲಸಿಹೋಯಿತು ಎಂದು ಸುಮ್ಮನಿರಬಹುದಿತ್ತು. ಟೈಟಾನಿಯಂ ಅಷ್ಟು ಸುಲಭವಾಗಿ ಆವಿಯಾಗುವ ಧಾತುವಲ್ಲ. 2012ರಲ್ಲಿ ಅದರ 50 ತೂಕದ ಐಸೋಟೋಪನ್ನು ಅಳೆದಾಗ ಭೂಮಿ ಮತ್ತು ಚಂದ್ರ 4 ಪಿಪಿಎಂ ಒಳಗೆ ಹೊಂದಿದವು. ಉಲ್ಕೆಗಳ ನಡುವಿನ ವ್ಯತ್ಯಾಸ ಇದರ ಸುಮಾರು 150 ಪಟ್ಟು. ಇದು ಸಿಕ್ಕಿದ್ದೇ ತಡ, ಮಾದರಿ ಮಾಡುವವರು ಕಥೆಯನ್ನೇ ಬದಲಿಸಿದರು: ವೇಗವಾಗಿ ತಿರುಗುತ್ತಿದ್ದ ಭೂಮಿಯಿಂದಲೇ ಹೆಚ್ಚು ವಸ್ತು ಹಾರಿತು ಎಂದು ಒಂದು ತಂಡ, ಹೆಚ್ಚುಕಡಿಮೆ ಸಮನಾದ ಎರಡು ಕಾಯಗಳು ಡಿಕ್ಕಿಯಾದವು ಎಂದು ಇನ್ನೊಂದು. ಇವೆರಡೂ 2012ರವೇ. ಇಡೀ ಭೂಮಿಯೇ ಆವಿಯ ದೊಡ್ಡ ವಡೆಯಂತೆ ಉಬ್ಬಿ, ಚಂದ್ರ ಅದರೊಳಗೇ ತಣಿದು ಗಟ್ಟಿಯಾಯಿತು ಎನ್ನುವ ವಾದ 2018ರದು. ಥೀಯಾ ಮೊದಲಿನಿಂದಲೂ ಭೂಮಿಯ ನೆರೆಯಲ್ಲೇ, ಅದೇ ಧೂಳಿನಿಂದ ಬೆಳೆದಿತ್ತು ಎನ್ನುವುದು ಎಲ್ಲಕ್ಕಿಂತ ಸರಳ. ಆದರೆ ಟಂಗ್‌ಸ್ಟನ್ ಈ ಸರಳ ಉತ್ತರಕ್ಕೆ ಅಡ್ಡ ಬರುತ್ತದೆ.

ಟಂಗ್‌ಸ್ಟನ್ ಲೆಕ್ಕವನ್ನು ನಿಧಾನವಾಗಿ ನೋಡುವುದು ಒಳ್ಳೆಯದು, ಏಕೆಂದರೆ ಕೈಯಲ್ಲೇ ಮಾಡಬಹುದು. ಹಾಫ್ನಿಯಂ-182 ಎಂಬ ವಿಕಿರಣಶೀಲ ಐಸೋಟೋಪು 89 ಲಕ್ಷ ವರ್ಷ ಅರ್ಧಾಯುಷ್ಯದಲ್ಲಿ ಟಂಗ್‌ಸ್ಟನ್-182 ಆಗುತ್ತದೆ. ಹಾಫ್ನಿಯಂ ಕಲ್ಲನ್ನು ಹಿಡಿದುಕೊಳ್ಳುವ ಧಾತು, ಟಂಗ್‌ಸ್ಟನ್ ಕಬ್ಬಿಣದ ಜೊತೆ ಹೋಗುವ ಧಾತು. ಗ್ರಹ ಕರಗಿ ಕಬ್ಬಿಣ ತಿರುಳಿಗೆ ಇಳಿದಾಗ ಟಂಗ್‌ಸ್ಟನ್ ಅದರ ಜೊತೆ ಹೋಗುತ್ತದೆ, ಹಾಫ್ನಿಯಂ ತಿರುಳಿನ ಸುತ್ತಲಿನ ಕಲ್ಲಿನ ಪದರದಲ್ಲೇ, ಅಂದರೆ ಮ್ಯಾಂಟಲಿನಲ್ಲೇ, ಉಳಿಯುತ್ತದೆ. ಹಾಫ್ನಿಯಂ-182 ಇನ್ನೂ ಬದುಕಿರುವಾಗಲೇ ಇದು ನಡೆದರೆ ಮ್ಯಾಂಟಲಿನಲ್ಲಿ ಟಂಗ್‌ಸ್ಟನ್-182 ಹೆಚ್ಚುತ್ತದೆ. ತಡವಾದರೆ ಹೆಚ್ಚುವುದಿಲ್ಲ.

ಹತ್ತು ಸಾವಿರಕ್ಕೆ ಒಂದು ಎಂಬ ಎಪ್ಸಿಲಾನ್ ಅಳತೆಯಲ್ಲಿ, ಭೂಮಿಯ ಮ್ಯಾಂಟಲನ್ನು 0 ಎಂದಿಟ್ಟರೆ, 456.7 ಕೋಟಿ ವರ್ಷಗಳ ಹಿಂದೆ ಸೌರಮಂಡಲ ಶುರುವಾದಾಗಿನ ಮೌಲ್ಯ ಮೈನಸ್ 3.5, ಕರಗದೆ ಉಳಿದ ಕಾಂಡ್ರೈಟ್ ಉಲ್ಕೆಗಳದ್ದು ಇಂದು ಮೈನಸ್ 1.9. ಅಂದರೆ ಹಾಫ್ನಿಯಂ-182 ಪೂರ್ತಿ ಸವೆದಾಗ ಕಾಂಡ್ರೈಟ್ ಏರಿದ್ದು 1.6. ಭೂಮಿಯ ಮ್ಯಾಂಟಲಿನಲ್ಲಿ ಟಂಗ್‌ಸ್ಟನ್ನಿಗೆ ಹೋಲಿಸಿದ ಹಾಫ್ನಿಯಂ ಕಾಂಡ್ರೈಟಿನ 19 ಪಟ್ಟು, ಹೆಚ್ಚುವರಿ 18. ಮೊದಲ ದಿನವೇ ತಿರುಳು ಬೇರ್ಪಟ್ಟಿದ್ದರೆ ಮ್ಯಾಂಟಲ್ ಕಾಂಡ್ರೈಟಿಗಿಂತ 1.6 ಗುಣಿಸು 18, ಅಂದರೆ ಸುಮಾರು 29 ಮೇಲಿರಬೇಕಿತ್ತು. ಇರುವುದು 1.9 ಮಾತ್ರ. ಹದಿನೈದರಲ್ಲಿ ಒಂದು ಪಾಲು. ಅರ್ಧ, ಅರ್ಧದ ಅರ್ಧ ಎಂದು ಹೋದರೆ ಹದಿನೈದರಲ್ಲಿ ಒಂದಾಗಲು 3.9 ಅರ್ಧಾಯುಷ್ಯ ಬೇಕು. 89 ಲಕ್ಷಕ್ಕೆ ಗುಣಿಸಿ: ಸುಮಾರು 3.5 ಕೋಟಿ ವರ್ಷ.

ಈ 3.5 ಕೋಟಿಯನ್ನು ಭೂಮಿಯ ತಿರುಳಿನ ಹುಟ್ಟಿದ ದಿನ ಎಂದು ನಂಬಿ ಕೂರಬೇಡಿ. ತಿರುಳು ಒಂದೇ ಗಳಿಗೆಯಲ್ಲಿ ಆಯಿತು ಎಂದು ಇಟ್ಟುಕೊಂಡು ಮಾಡಿದ ಲೆಕ್ಕ ಇದು. ನಿಜದಲ್ಲಿ ಭೂಮಿ ಡಿಕ್ಕಿಯ ಮೇಲೆ ಡಿಕ್ಕಿಯಾಗಿ ಬೆಳೆಯಿತು. ಬಂದು ಬಿದ್ದ ಕಾಯದ ಕಬ್ಬಿಣ ಭೂಮಿಯ ಮ್ಯಾಂಟಲಿನೊಡನೆ ಚೆನ್ನಾಗಿ ಬೆರೆಯದೆ ನೇರ ತಿರುಳಿಗೆ ಇಳಿದಿದ್ದರೆ, ಹಳೆಯ ಹೆಚ್ಚುವರಿ ಅಳಿಸದೆ ಉಳಿದು ವಯಸ್ಸು ನಿಜಕ್ಕಿಂತ ಹಳೆಯದಾಗಿ ಕಾಣುತ್ತದೆ. ಮಂಗಳದ ವಿಷಯದಲ್ಲಿ ಈ ಗೊಂದಲ ಕಡಿಮೆ. ಅದು ಮೊದಲ ಕೆಲವೇ ದಶಲಕ್ಷ ವರ್ಷಗಳಲ್ಲಿ ಬಹುಪಾಲು ಬೆಳೆದು ನಿಂತಿತ್ತು ಎನ್ನುವುದರ ಬಗ್ಗೆ ಹೆಚ್ಚು ತಕರಾರಿಲ್ಲ.

ಮೇಲಿನ ಲೆಕ್ಕದಿಂದ ಇನ್ನೊಂದು ಹೊರಡುತ್ತದೆ. ಟಂಗ್‌ಸ್ಟನ್ ಮೌಲ್ಯ ಕೇವಲ ಧೂಳಿನಿಂದ ಬಂದದ್ದಲ್ಲ. ಆ ಗ್ರಹ ಯಾವಾಗ, ಹೇಗೆ ತಿರುಳು ಮಾಡಿಕೊಂಡಿತು ಎನ್ನುವುದರ ಮೇಲಿದೆ. ಥೀಯಾ ಭೂಮಿಯ ನೆರೆಯಲ್ಲೇ ಬೆಳೆದಿದ್ದರೂ, ಭೂಮಿಯ ಹತ್ತನೇ ಒಂದು ಪಾಲಿನ ಗ್ರಹ ಭೂಮಿಯ ಟಂಗ್‌ಸ್ಟನ್ ಮೌಲ್ಯವನ್ನೇ ಪಡೆಯುವುದು ಕಾಕತಾಳೀಯ. ಆದರೂ ಚಂದ್ರ ಭೂಮಿಗಿಂತ ಬರೀ 0.2ರಿಂದ 0.3 ಎಪ್ಸಿಲಾನ್ ಮೇಲಿದೆ. 2015ರಲ್ಲಿ ಎರಡು ತಂಡಗಳು ಬೇರೆಬೇರೆಯಾಗಿ ಇದನ್ನು ಅಳೆದವು.

ಅದಕ್ಕೂ ಮುಂಚೆ, 1990ರ ದಶಕದ ಕೊನೆಯಲ್ಲಿ, ಚಂದ್ರನ ಕೆಲವು ಕಲ್ಲುಗಳಲ್ಲಿ ಹಲವು ಎಪ್ಸಿಲಾನ್‌ನಷ್ಟು ದೊಡ್ಡ ವ್ಯತ್ಯಾಸ ಕಂಡು, ಚಂದ್ರ ಬಹಳ ಬೇಗ ಹುಟ್ಟಿತೆಂದು ಬರೆದದ್ದುಂಟು. ಅದರಲ್ಲಿ ಬಹುಪಾಲು ವಿಶ್ವಕಿರಣಗಳ ಕೆಲಸ. ಚಂದ್ರನಿಗೆ ಗಾಳಿಯ ಹೊದಿಕೆ ಇಲ್ಲ. ಮೇಲ್ಮೈಯ ಕಲ್ಲಿಗೆ ಕೋಟ್ಯಂತರ ವರ್ಷ ವಿಶ್ವಕಿರಣ ಬಡಿದು ನ್ಯೂಟ್ರಾನ್ ಎದ್ದು, ಟ್ಯಾಂಟಲಂ-181 ಅದನ್ನು ನುಂಗಿ 182 ಆಗಿ, 114 ದಿನಗಳ ಅರ್ಧಾಯುಷ್ಯದಲ್ಲಿ ಟಂಗ್‌ಸ್ಟನ್-182 ಆಗುತ್ತದೆ. ಹಾಫ್ನಿಯಂನಿಂದ ಬಂದದ್ದಕ್ಕೂ ಇದಕ್ಕೂ ಅಣುವಿನಷ್ಟೂ ವ್ಯತ್ಯಾಸ ಇಲ್ಲ. 2007ರಲ್ಲಿ ಟ್ಯಾಂಟಲಂ ಇಲ್ಲದ ಲೋಹದ ಕಣಗಳನ್ನೇ ಬೇರ್ಪಡಿಸಿ ಅಳೆದಾಗ ದೊಡ್ಡ ವ್ಯತ್ಯಾಸ ಮಾಯವಾಯಿತು. ಈಗ ಅದೇ ಕಲ್ಲಿನ ಹಾಫ್ನಿಯಂ ಐಸೋಟೋಪುಗಳನ್ನೂ ಅಳೆದು, ಎಷ್ಟು ನ್ಯೂಟ್ರಾನ್ ತಗಲಿದೆ ಎಂದು ತಿಳಿದು ತಿದ್ದುತ್ತಾರೆ.

ಉಳಿದ ಆ 0.2–0.3ಕ್ಕೆ ಎರಡು ಓದು. ಚಂದ್ರ ಹುಟ್ಟಿದ ಮೇಲೆ ಭೂಮಿಯ ಮೇಲೆ ಅದರ ತೂಕದ ಶೇ. 0.5ರ ಆಸುಪಾಸಿನಷ್ಟು ಉಲ್ಕಾವಸ್ತು ಸುರಿಯಿತು, ಚಂದ್ರನ ಮೇಲೆ ಅದರ ಪಾಲಿಗಿಂತಲೂ ಬಹಳ ಕಡಿಮೆ ಬಿತ್ತು ಎನ್ನುವುದು ಒಂದು. ಮ್ಯಾಂಟಲಿಗಿಂತ ಉಲ್ಕೆಯಲ್ಲಿ ಟಂಗ್‌ಸ್ಟನ್ ಸುಮಾರು ಹತ್ತು ಪಟ್ಟು, ಶೇ. 0.5 ವಸ್ತು ಬಿದ್ದರೆ ಟಂಗ್‌ಸ್ಟನ್ ಶೇ. 5 ಸೇರಿದಂತೆ, ಅದರ ಮೌಲ್ಯ ಎರಡು ಎಪ್ಸಿಲಾನ್ ಕೆಳಗೆ, ಭೂಮಿ 0.1 ಇಳಿಯುತ್ತದೆ. ಶೇ. 1 ಬಿದ್ದರೆ 0.2. ಅದೇ ದರ್ಜೆಯ ಅಂಕೆ. 2019ರಲ್ಲಿ ಬಂದ ಇನ್ನೊಂದು ಓದಿನ ಪ್ರಕಾರ ಚಂದ್ರನ ಮ್ಯಾಂಟಲಿನಲ್ಲಿ ಹಾಫ್ನಿಯಂ ಪಾಲು ಭೂಮಿಗಿಂತ ಹೆಚ್ಚು. ಹಾಫ್ನಿಯಂ-182 ಇನ್ನೂ ಸ್ವಲ್ಪ ಉಳಿದಿದ್ದಾಗಲೇ, ಸೌರಮಂಡಲ ಶುರುವಾಗಿ ಸುಮಾರು 5 ಕೋಟಿ ವರ್ಷಕ್ಕೆ, ಚಂದ್ರ ಆಗಿತ್ತು. ನನಗೆ ಮೊದಲನೆಯದೇ ಹೆಚ್ಚು ಗಟ್ಟಿ ಅನ್ನಿಸುತ್ತದೆ. ಭೂಮಿಯ ಮ್ಯಾಂಟಲಿನಲ್ಲಿ ಚಿನ್ನ, ಪ್ಲಾಟಿನಂ ಗುಂಪಿನ ಲೋಹಗಳು ತಿರುಳಿಗೆ ಹೋಗದೆ ಉಳಿದಿರುವುದಕ್ಕೂ ಅದೇ ಸುರಿಮಳೆ ಬೇಕು. ಎರಡನೆಯದು ಚಂದ್ರನ ಹಾಫ್ನಿಯಂ–ಟಂಗ್‌ಸ್ಟನ್ ಅನುಪಾತದ ಅಂದಾಜಿನ ಮೇಲೆ ತೀರಾ ಒರಗಿದೆ.

ಇನ್ನು ಟಂಗ್‌ಸ್ಟನ್ ಲ್ಯಾಬ್ ಕೆಲಸ. ಕಲ್ಲನ್ನು ಉಕ್ಕಿನ ಅಥವಾ ಟಂಗ್‌ಸ್ಟನ್ ಕಾರ್ಬೈಡ್ ಗಿರಣಿಯಲ್ಲಿ ಪುಡಿ ಮಾಡಲೇಬಾರದು, ಅಗೇಟ್ ಒರಳೇ ಬೇಕು. ಬೋರ್‌ವೆಲ್ ಕೊರೆಯುವ ಬಿಟ್ಟಿನ ತುದಿಗೆ ಕೂರಿಸುವುದು ಇದೇ ಕಾರ್ಬೈಡು, ಹಾಗಾಗಿ ಕ್ವಾರಿಯ ಡ್ರಿಲ್ ತಾಗಿದ ಮುಖದಿಂದ ಮಾದರಿ ತೆಗೆಯುವ ಹಾಗಿಲ್ಲ. ಏಕೆ ಎಂದು ಲೆಕ್ಕ ಹಾಕಿ. ಗ್ರಾಂಗೆ 50 ನ್ಯಾನೊಗ್ರಾಂ ಟಂಗ್‌ಸ್ಟನ್ ಇರುವ ಒಂದು ಗ್ರಾಂ ಬಸಾಲ್ಟಿಗೆ ಒಂದು ಮೈಕ್ರೊಗ್ರಾಂ ಕಾರ್ಬೈಡ್ ಸೇರಿತು ಎನ್ನಿ, ಕಣ್ಣಿಗೆ ಕಾಣದ ಧೂಳು. ಕಾರ್ಬೈಡಿನ ಶೇ. 94 ಟಂಗ್‌ಸ್ಟನ್, ಅಂದರೆ 940 ನ್ಯಾನೊಗ್ರಾಂ. ಕಲ್ಲಿನದ್ದಕ್ಕಿಂತ ಹತ್ತೊಂಬತ್ತು ಪಟ್ಟು. ಅದು ಭೂಮಿಯ ಗಣಿಯಿಂದ ಬಂದದ್ದು, ಮೌಲ್ಯ ಸೊನ್ನೆ. ಯಂತ್ರ ಕೆಟ್ಟ ಅಂಕೆ ಕೊಡುವುದಿಲ್ಲ, ಚಂದ್ರನೂ ಭೂಮಿಯೂ ಒಂದೇ ಎಂದು ಚೆಂದದ ಅಂಕೆ ಕೊಡುತ್ತದೆ. ಮಳೆಗೆ, ಹಿಮಕ್ಕೆ ಸಿಕ್ಕು ಶಿಥಿಲವಾದ ಉಲ್ಕೆಯ ಆಮ್ಲಜನಕಕ್ಕೂ ಇದೇ ಗತಿ: ತುಕ್ಕು ಹಿಡಿದಷ್ಟೂ ಭೂಮಿಯ ಗೆರೆಯತ್ತ ಜರುಗುತ್ತದೆ. ಮಲಿನವಾದರೆ ಹೊಂದಾಣಿಕೆ ಹೆಚ್ಚುತ್ತದೆ ಎನ್ನುವುದು ನೆನಪಿರಲಿ.

ಪುಡಿಯನ್ನು ಮುಚ್ಚಳ ಬಿಗಿದ ಟೆಫ್ಲಾನ್ ಬೀಕರಿನಲ್ಲಿ ಹೈಡ್ರೋಫ್ಲೋರಿಕ್ ಮತ್ತು ನೈಟ್ರಿಕ್ ಆಮ್ಲ, ಎರಡಕ್ಕೆ ಒಂದರಂತೆ, 130ರಿಂದ 150 ಡಿಗ್ರಿಯಲ್ಲಿ ಕೆಲವು ದಿನ ಇಡುತ್ತಾರೆ. ಆಮ್ಲಗಳನ್ನು ಕುದಿಸದೆ ಆವಿ ಮಾಡಿ ಮತ್ತೆ ಶುದ್ಧಿ ಮಾಡಿರಬೇಕು, ನೀರು 18.2 ಮೆಗಾಓಮ್ ದರ್ಜೆಯ ಅತಿ ಶುದ್ಧ ನೀರಾಗಿರಬೇಕು. ಒಣಗಿಸಿದ ಮೇಲೆ 0.5 ಮೋಲಾರ್ ಹೈಡ್ರೋಕ್ಲೋರಿಕ್ ಮತ್ತು 0.5 ಮೋಲಾರ್ ಹೈಡ್ರೋಫ್ಲೋರಿಕ್ ಮಿಶ್ರಣದಲ್ಲಿ ಅಯಾನು ವಿನಿಮಯ ರಾಳದ ಕಂಬಕ್ಕೆ ಹಾಕಿದರೆ ಕಲ್ಲಿನ ಬಹುಪಾಲು ಧಾತುಗಳು ಕೆಳಗಿಳಿದು ಹೋಗುತ್ತವೆ, ಟಂಗ್‌ಸ್ಟನ್ ಅಂಟಿ ನಿಲ್ಲುತ್ತದೆ. ಕೊನೆಗೆ 6 ಮೋಲಾರ್ ಹೈಡ್ರೋಕ್ಲೋರಿಕ್ ಮತ್ತು 1 ಮೋಲಾರ್ ಹೈಡ್ರೋಫ್ಲೋರಿಕ್‌ನಲ್ಲಿ ಅದನ್ನು ಇಳಿಸುತ್ತಾರೆ. ಇಲ್ಲಿ ಒಂದು ಬಲೆ ಇದೆ. ಪೂರ್ತಿ ಒಣಗಿಸಿಬಿಟ್ಟರೆ ಟಂಗ್‌ಸ್ಟನ್ ಬೀಕರಿನ ಗೋಡೆಗೆ ಅಂಟಿ ಒಂದು ಪಾಲು ಮರಳಿ ಬರುವುದಿಲ್ಲ, ಬಂದದ್ದರಲ್ಲಿ 183 ತೂಕದ ಐಸೋಟೋಪು ತೂಕದ ನಿಯಮ ಮೀರಿ ಕೊಂಚ ಕಡಿಮೆಯಾಗಿರುತ್ತದೆ. ಆದ್ದರಿಂದ ದ್ರಾವಣದಲ್ಲಿ ಚೂರು ಹೈಡ್ರೋಫ್ಲೋರಿಕ್ ಉಳಿಸಿಕೊಳ್ಳಬೇಕು, ಯಂತ್ರದ ಓಲಾಟವನ್ನು 186/184 ಅನುಪಾತಕ್ಕೆ (0.92767) ಕಟ್ಟಿ ತಿದ್ದುವುದು 183ಕ್ಕೆ ಕಟ್ಟುವುದಕ್ಕಿಂತ ಕ್ಷೇಮ. 186ರ ಮೇಲೆ ಆಸ್ಮಿಯಂ ಕೂಡ ಬೀಳುತ್ತದೆ, ಅದಕ್ಕೆ 188ರ ಮೇಲೆ ಕಣ್ಣಿಟ್ಟಿರಬೇಕು. ಇದನ್ನು ಕಾಲೇಜಿನ ಲ್ಯಾಬಿನಲ್ಲಿ ಪ್ರಯತ್ನಿಸಬೇಡಿ. ಹೈಡ್ರೋಫ್ಲೋರಿಕ್ ಚರ್ಮ ದಾಟಿ ಮೂಳೆಯ ಕ್ಯಾಲ್ಸಿಯಂ ತನಕ ಹೋಗುವ ಆಮ್ಲ. ಸರಿಯಾದ ಹುಡ್, ಕೈಗೆಟಕುವಲ್ಲಿ ಕ್ಯಾಲ್ಸಿಯಂ ಗ್ಲುಕೊನೇಟ್ ಜೆಲ್, ಪಕ್ಕದಲ್ಲಿ ಇನ್ನೊಬ್ಬರು ಇಲ್ಲದೆ ಬಾಟಲಿಯ ಮುಚ್ಚಳವನ್ನೂ ತೆಗೆಯಬಾರದು.

ಎಲ್ಲ ಐಸೋಟೋಪೂ ಹೊಂದುತ್ತವೆ ಎಂದೂ ತಿಳಿಯಬೇಡಿ. ಚಂದ್ರನ ಪೊಟ್ಯಾಸಿಯಂ ಭೂಮಿಯದಕ್ಕಿಂತ ಸಾವಿರಕ್ಕೆ ಸುಮಾರು 0.4ರಷ್ಟು ಭಾರ, ಬಸಾಲ್ಟುಗಳ ಸತುವು ಸಾವಿರಕ್ಕೆ ಒಂದಕ್ಕಿಂತಲೂ ಹೆಚ್ಚು. ಇವು ಥೀಯಾದ ಗುರುತಲ್ಲ. ಬೇಗ ಆವಿಯಾಗುವ ಧಾತುಗಳಲ್ಲಿ ಹಗುರವಾದದ್ದು ಹಾರಿಹೋದದ್ದರ ಗುರುತು. ಹುಟ್ಟಿನ ಗುರುತು ಹೊಂದುತ್ತದೆ, ಕಾಯಿಸಿದ ಗುರುತು ಹೊಂದುವುದಿಲ್ಲ. ನನ್ನ ಮಟ್ಟಿಗೆ ಡಿಕ್ಕಿಗೆ ಗಟ್ಟಿ ಸಾಕ್ಷಿ ಈ ಹೊಂದದೆ ಹೋದದ್ದೇ.

ಚಂದ್ರಯಾನ-3ರ ಪ್ರಗ್ಯಾನ್ ಅಳೆದದ್ದು ಧಾತುಗಳನ್ನು. ಅದರ ಎಪಿಎಕ್ಸ್‌ಎಸ್ ಉಪಕರಣ ಕ್ಯೂರಿಯಂ-244 ಮೂಲದಿಂದ ಮಣ್ಣನ್ನು ಕೆಣಕಿ, ಹೊರಡುವ ಎಕ್ಸ್-ಕಿರಣಗಳಿಂದ ಮೆಗ್ನೀಸಿಯಂ, ಅಲ್ಯೂಮಿನಿಯಂ, ಕಬ್ಬಿಣ ಎಷ್ಟೆಷ್ಟಿದೆ ಎಂದು ಹೇಳುತ್ತದೆ. 103 ಮೀಟರ್ ದಾರಿಯಲ್ಲಿ 23 ಕಡೆ ಅಳೆದು, ಅಲ್ಲಿನ ಮಣ್ಣು ಅನಾರ್ಥೊಸೈಟ್ ಎಂಬ ತಿಳಿ ಬಣ್ಣದ ಕಲ್ಲಿನ ಬಗೆಯದು, ಒಂದು ಕಾಲಕ್ಕೆ ಚಂದ್ರನನ್ನು ಕರಗಿದ ಕಲ್ಲಿನ ಸಾಗರ ಆವರಿಸಿತ್ತು ಎನ್ನುವುದಕ್ಕೆ ಅದು ಹೊಂದುತ್ತದೆ ಎಂದು 2024ರಲ್ಲಿ ಪ್ರಕಟಿಸಿದರು. ಐಸೋಟೋಪನ್ನು, ಅದೂ ಪಿಪಿಎಂ ಲೆಕ್ಕದಲ್ಲಿ, ಅಲ್ಲಿಂದಲೇ ಅಳೆಯುವ ಯಂತ್ರ ರೋವರಿನ ಮೇಲೆ ಕೂರುವುದಿಲ್ಲ. ಕಲ್ಲನ್ನೇ ತರಬೇಕು. ಅಪೋಲೊ ತಂದದ್ದು 382 ಕಿಲೊ, ಚೀನಾದ ಚಾಂಗ್-ಇ 5 ಮತ್ತು 6 ತಂದದ್ದು 1.731 ಮತ್ತು 1.935 ಕಿಲೊ, ಕೊನೆಯದು ಕಾಣದ ಮುಖದ್ದು. ಮಾದರಿ ತರುವ ಚಂದ್ರಯಾನ-4ಕ್ಕೆ ಕೇಂದ್ರ ಸಂಪುಟ 2024ರ ಸೆಪ್ಟೆಂಬರಿನಲ್ಲಿ ಒಪ್ಪಿಗೆ ಕೊಟ್ಟಿದೆ.

ಚಾಮುಂಡಿ ಬೆಟ್ಟದ ಗ್ರಾನೈಟಿಗೆ ಸುಮಾರು 80 ಕೋಟಿ ವರ್ಷ, ನಮ್ಮ ಕಡೆ ಅದು ಎಳೆಯ ಕಲ್ಲು. ಸುತ್ತಲಿನ ನೈಸ್ ಶಿಲೆ ಸುಮಾರು 300 ಕೋಟಿ ದಾಟಿದ್ದು. ಎಚ್.ಡಿ. ಕೋಟೆ ಕಡೆಯ ಸರಗೂರಿನ ಹೆಸರಿನ ಶಿಲಾಪಟ್ಟಿಯ ಗುಂಪಿನ ಕಲ್ಲುಗಳಲ್ಲಿ 350 ಕೋಟಿ ದಾಟಿದ ಜಿರ್ಕಾನ್ ಹರಳುಗಳು ಸಿಕ್ಕಿವೆ. ಅವು ಹುಟ್ಟುವ ಹೊತ್ತಿಗೂ ಹಾಫ್ನಿಯಂ-182 ಸತ್ತು ನೂರು ಕೋಟಿ ವರ್ಷದಷ್ಟಾಗಿತ್ತು. ತಿರುಳು ಆದ ಕಾಲವನ್ನು ಇವು ನೇರವಾಗಿ ಹೇಳಲಾರವು. ಭೂಮಿಯ ಹೊರಪದರ ಯಾವಾಗ ಮ್ಯಾಂಟಲಿನಿಂದ ಬೇರೆಯಾಯಿತು ಎನ್ನುವ ಮುಂದಿನ ಅಧ್ಯಾಯಕ್ಕೆ, ಜಿರ್ಕಾನಿನ ಯುರೇನಿಯಂ–ಸೀಸ ಮತ್ತು ಹಾಫ್ನಿಯಂ-176 ಅಳತೆಗೆ, ಮಾತ್ರ ಇಷ್ಟು ಒಳ್ಳೆಯ ನೆಲ ಹುಡುಕಿದರೂ ಸಿಗುವುದು ಕಷ್ಟ.

ಮುಂದೆ ಇದನ್ನೇ ಓದುವ ಮನಸ್ಸಿದ್ದರೆ ಮಾನಸಗಂಗೋತ್ರಿಯ ಭೂವಿಜ್ಞಾನ ವಿಭಾಗ ಹತ್ತಿರದ್ದು. ಉಲ್ಕೆಗಳ ಕೆಲಸ ಹೆಚ್ಚು ನಡೆಯುವುದು ಅಹಮದಾಬಾದಿನ ಭೌತಿಕ ಸಂಶೋಧನಾ ಪ್ರಯೋಗಾಲಯದಲ್ಲಿ. ಅಷ್ಟರೊಳಗೆ ಮೇಲಿನ 3.5 ಕೋಟಿಯ ಲೆಕ್ಕವನ್ನು ಒಂದು ಎಕ್ಸೆಲ್ ಹಾಳೆಗೆ ಇಳಿಸಿ. ಹಾಫ್ನಿಯಂ ಹೆಚ್ಚುವರಿಯನ್ನು 18ರ ಬದಲು 14 ಹಾಕಿ, 22 ಹಾಕಿ. ಆಮೇಲೆ ತಿರುಳನ್ನು ಒಂದೇ ಸಲಕ್ಕೆ ಬದಲು ಹತ್ತು ಕಂತಿನಲ್ಲಿ ಇಳಿಸಿ, ಪ್ರತಿ ಕಂತಿನಲ್ಲೂ ಅರ್ಧ ಕಬ್ಬಿಣ ಮಾತ್ರ ಬೆರೆಯಿತು ಎಂದಿಟ್ಟು ನೋಡಿ. ವಯಸ್ಸು ಎಷ್ಟೆಷ್ಟು ಜರುಗಿತು ಎಂದು ಬರೆದಿಟ್ಟುಕೊಂಡರೆ, ಪ್ರಬಂಧಗಳಲ್ಲಿ ಯಾರ ಅಂಕೆ ಯಾವುದರ ಮೇಲೆ ನಿಂತಿದೆ ಎಂದು ಓದುವಾಗಲೇ ತಿಳಿಯುತ್ತದೆ.